ನನ್ನ ಹರಕು ಕೌದಿಯನ್ನು ತಮ್ಮನ ಮಗುವಿಗೆ ಕೊಡಬೇಕಂತೆ. ಕೊಡಲೇಬೇಕಾ?

ಶಿರಸಿ_ಕೂಸು
ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಹುಡುಗಾಟದ್ದು ಅನ್ನಿಸಬಹುದು. ನಗುವವರು ನಗಿ, ಆದರೆ ಉತ್ತರವನ್ನೂ ಕೊಟ್ಟು ಹೋಗಿ.

ನಾನು ಹುಟ್ಟಿದಾಗ, ಅಂದರೆ 1986ರಲ್ಲಿ, ಅಮ್ಮಮ್ಮ ಒಂದು ಸಣ್ಣ ಕೌದಿ ಹೊಲಿದಿದ್ದರು. ತೊಟ್ಟಿಲಿಗೆ ಅಂತ ಮಾಡಿದ್ದು. ನಾನು ತೊಟ್ಟಿಲು ಬಿಟ್ಟೆ, ಕೌದಿ ಬಿಡಲಿಲ್ಲ. ಅದರ ಮೂಲೆಯನ್ನು ಮೂಗಿಗೆ ಒತ್ತಿಕೊಳ್ಳದೆ ನಿದ್ದೆ ಬರುತ್ತಿರಲಿಲ್ಲ. ಹೈಸ್ಕೂಲಿಗೆ ಬಂದ ಮೇಲೂ ಅದೇ ಕತೆ. ಹಾಸ್ಟೆಲ್ಲಿಗೆ ದಿಂಬಿನ ಕವರಿನೊಳಗೆ ತುರುಕಿಕೊಂಡು ಹೋಗಿದ್ದೆ. ಮದುವೆಯಾಗಿ ಕುಮಟೆಗೆ ಬರುವಾಗ ಸೀರೆಗಳ ಅಡಿಯಲ್ಲಿ ಇಟ್ಟು ತಂದೆ. ಈಗ ಅದನ್ನು ಕೌದಿ ಅನ್ನೋದೂ ಕಷ್ಟ. ಅಂಚು ಪೂರ್ತಿ ಹೋಗಿದೆ. ಮಧ್ಯೆ ಕೈ ತೂರಿಸುವಷ್ಟು ದೊಡ್ಡ ತೂತು. ಗಂಡ ಅದಕ್ಕೆ "ನಿನ್ನ ನೆಲ ಒರೆಸೋದು" ಅಂತಲೇ ಹೆಸರಿಟ್ಟಿದ್ದಾರೆ.

ಈಗ ತಮ್ಮನಿಗೆ ಗಂಡು ಮಗು ಆಗಿದೆ. ಆಯಿ (ನನ್ನ ಅಮ್ಮ) ಫೋನ್ ಮಾಡಿ, "ಆ ಕೌದಿ ಕಳಿಸು. ತೊಟ್ಟಿಲಿಗೆ ಹಾಕುವ ದಿನ ಮಾಣಿಗೆ ಅದನ್ನೇ ಹಾಸಬೇಕು. ಹುಟ್ಟಿದ ಮಗುವಿಗೆ ಹಳೇ ಬಟ್ಟೆನೇ ಒಳ್ಳೇದು" ಅಂದರು. ನೋಡ್ತೇನೆ ಅಂದು ಫೋನ್ ಇಟ್ಟೆ. ಆಮೇಲಿಂದ ಮನಸ್ಸಿಗೆ ಸಮಾಧಾನವೇ ಇಲ್ಲ. ಬಳೆ ಕೇಳಿದ್ದರೆ ಎರಡನೇ ಮಾತಿಲ್ಲದೆ ಕೊಡುತ್ತಿದ್ದೆ. ಈ ಹರಕು ಕೊಡೋಕೆ ಮನಸ್ಸು ಬರುತ್ತಿಲ್ಲ. ತಮ್ಮನ ಮಗುವಿಗೇ ಕೊಡಲಾರದಷ್ಟು ಸ್ವಾರ್ಥಿಯಾ ನಾನು?

ಇನ್ನೊಂದು ವಿಷಯ. ಈ ಮಳೆಗಾಲದಲ್ಲಿ ಅದರ ಮೇಲೆ ಅಲ್ಲಲ್ಲಿ ಕರಿ ಚುಕ್ಕೆ ಎದ್ದಿದೆ. ಬೂಷ್ಟು ಇರಬೇಕು. ತೊಳೆದರೆ ಕೈಗೇ ಬರುತ್ತದೆ ಅಂತ ಭಯ. ಅದನ್ನು ತೊಳೆಯುವ ಅಭ್ಯಾಸವೂ ಕಡಿಮೆಯೇ. (ಮೂಗು ಮುರೀಬೇಡಿ.)

ಒಗ್ಗರಣೆ
ಕೊಟ್ಟುಬಿಡಿ. ಬಟ್ಟೆ ತಾನೇ.

ಅಘನಾಶಿನಿ_ದಡ
ಒಗ್ಗರಣೆಯವರೇ, ನಿಮ್ಮ ಅಪ್ಪನ ಹಳೇ ಯೆಜ್ಡಿ ಬಗ್ಗೆ ಇದೇ ವೇದಿಕೆಯಲ್ಲಿ ಮೊನ್ನೆ ಮಾರುದ್ದ ಬರೆದವರು ಯಾರು? ಅದನ್ನೂ ಕೊಟ್ಟುಬಿಡಿ. ಕಬ್ಬಿಣ ತಾನೇ.

ಒಗ್ಗರಣೆ
ಅದು ಈಗಲೂ ದೇವಿಮನೆ ಘಟ್ಟ ಹತ್ತುತ್ತದೆ ಸ್ವಾಮಿ. ಕೌದಿ ಹತ್ತುತ್ತದಾ?

ತೋಟದ_ಹೆಗಡೆ
ತಂಗೀ, ನಿಮ್ಮ ಆಯಿ ಹೇಳಿದ್ದರಲ್ಲಿ ತಪ್ಪಿಲ್ಲ. ನಮ್ಮಲ್ಲಿ ಹುಟ್ಟಿದ ಮಗುವನ್ನು ಮೊದಲು ಸುತ್ತೋದೇ ಹಳೇ ಪಂಚೆಯಲ್ಲೋ ಸೀರೆಯಲ್ಲೋ. ಎಷ್ಟೋ ಸಲ ಒಗೆದು ಗಂಜಿ, ಬಣ್ಣ ಎಲ್ಲ ಬಿಟ್ಟು ಮೆತ್ತಗಾದ ಬಟ್ಟೆ ಎಳೆ ಚರ್ಮಕ್ಕೆ ಉರಿಯುವುದಿಲ್ಲ. ಅಂಗಡಿಯ ಹೊಸ ಬಟ್ಟೆಗೆ ಆ ಗುಣ ಎಲ್ಲಿಂದ ಬರಬೇಕು? ಜೊತೆಗೆ ಮನೆಯ ಹಿರಿಯರ ಕೈಯಾಡಿದ ಬಟ್ಟೆ ಮಗುವಿಗೆ ಒಳ್ಳೇದು ಅನ್ನೋ ನಂಬಿಕೆ ಬೇರೆ.

ಆದರೆ ಬೂಷ್ಟು ಹಿಡಿದದ್ದನ್ನು ಹಾಗೇ ಕಳಿಸಬೇಡಿ. ಅಂಟುವಾಳದ ಕಾಯಿ ನೆನೆಸಿ ತೊಳೆದು, ಬಚ್ಚಲೊಲೆಯ ಮೇಲೆ ಹರವಿ ಒಣಗಿಸಿ. ಎಲ್ಲ ಸರಿಯಾಗುತ್ತದೆ.

ಹಳೇ_ಪೆಟ್ಟಿಗೆ
ದಯವಿಟ್ಟು ಬಚ್ಚಲೊಲೆಯ ಮೇಲೆ ಹಾಕಬೇಡಿ! ಹೊಗೆ ತಿಂದ ನೂಲು ಇನ್ನೂ ಬೇಗ ಸಾಯುತ್ತದೆ. ಹಳೇ ಬಟ್ಟೆಗಳ ಕೆಲಸದಲ್ಲಿ ಇದ್ದವಳು ನಾನು, ಸಂಜೆ ವಿವರವಾಗಿ ಬರೆಯುತ್ತೇನೆ. ಅಲ್ಲಿವರೆಗೆ ಕೂಸು ಅವರೇ, ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟಿದ್ದರೆ ಮೊದಲು ಹೊರಗೆ ತೆಗೆಯಿರಿ. ಬೇರೆ ಬಟ್ಟೆಗಳಿಂದ ದೂರ ಇಡಿ.

ಕಾರವಾರ್_ಕರ್
ನನಗೆ ಇಂಥ ಚರ್ಚೆ ನೋಡಿದರೆ ಸಿಟ್ಟು ಬರುತ್ತದೆ. ಕೌದಿ ಅಂದರೆ ಬಡತನದ ವಸ್ತು. ಹೊದೆಯೋಕೆ ಬೇರೆ ಏನೂ ಇಲ್ಲದಾಗ ಹರಿದದ್ದನ್ನೆಲ್ಲ ಕೂಡಿಸಿ ಹೊಲಿಯುತ್ತಿದ್ದರು. ನಮ್ಮ ಅಜ್ಜಿ ಹೊಲಿಯುತ್ತಿದ್ದ ವಾಕಳ (ಕೌದಿಗೆ ನಮ್ಮಲ್ಲಿ ಹಾಗನ್ನೋದು) ಮಳೆಗಾಲದಲ್ಲಿ ಒಣಗದೆ ಮುಗ್ಗುಲು ವಾಸನೆ ಹೊಡೆಯುತ್ತಿತ್ತು. ಅದರಲ್ಲೇ ಮೂವರು ಮಲಗಬೇಕು. ಕೈಗೆ ನಾಲ್ಕು ಕಾಸು ಬಂದ ವರ್ಷ ಅಪ್ಪ ಹೊಸ ಕಂಬಳಿ ತಂದರು. ಅವತ್ತು ಅಜ್ಜಿಯೇ ಮೊದಲು ಆ ವಾಕಳ ಎತ್ತಿ ದನದ ಕೊಟ್ಟಿಗೆಗೆ ಹಾಕಿದ್ದು. ಯಾರೂ ಅಳಲಿಲ್ಲ.

ಹಳೇದರ ಮೇಲೆ ಪ್ರೀತಿ ಉಕ್ಕೋದು ಹೊಟ್ಟೆ ತುಂಬಿದ ಮೇಲೆ.

ಗಂಗಾವಳಿ
ಕಾರವಾರದವರೇ, ನಿಮ್ಮ ಅಜ್ಜಿಯ ವಿಷಯ ನಿಮಗೆ ಗೊತ್ತು, ಅದರ ಬಗ್ಗೆ ನಾನು ಮಾತಾಡುವುದಿಲ್ಲ. ಆದರೆ "ಹೊಟ್ಟೆ ತುಂಬಿದ ಮೇಲೆ" ಅಂದಿರಲ್ಲ, ಅದಕ್ಕೆ ನನ್ನ ಒಪ್ಪಿಗೆ ಇಲ್ಲ.

2019ರ ಆಗಸ್ಟ್‌ನಲ್ಲಿ ಗಂಗಾವಳಿ ಉಕ್ಕಿದಾಗ ನಮ್ಮ ಮನೆಯಲ್ಲಿ ಮಾಡಿನ ಹತ್ತಿರದವರೆಗೆ ನೀರು. ದೋಣಿಯಲ್ಲಿ ಹೊರಗೆ ಬಂದವರು ನಾವು. ನೀರು ಇಳಿದ ಮೇಲೆ ಹೋಗಿ ನೋಡಿದರೆ ಅಕ್ಕಿ, ಬಟ್ಟೆ, ಗಾದಿ, ಟಿವಿ ಎಲ್ಲ ಕೆಸರಿನಲ್ಲಿ ಒಂದಾಗಿತ್ತು. ಆಗ ನಮ್ಮ ಹೊಟ್ಟೆ ತುಂಬಿರಲಿಲ್ಲ, ಶಾಲೆಯಲ್ಲಿ ಕೊಟ್ಟ ಅನ್ನ ಉಣ್ಣುತ್ತಿದ್ದೆವು. ಆದರೂ ಮಗಳು ಕೇಳಿದ್ದು ಒಂದೇ, ಅವಳ ಬಟ್ಟೆ ಗೊಂಬೆ. ಒಂದು ಕಣ್ಣಿಲ್ಲದ, ಹೊಟ್ಟೆಯಿಂದ ಹತ್ತಿ ಹೊರಬಂದ ಗೊಂಬೆ. ಪಂಚಾಯ್ತಿಯವರು ಹಾನಿಯ ಪಟ್ಟಿ ಬರೆದುಕೊಳ್ಳೋಕೆ ಬಂದಾಗ ನನ್ನ ಗಂಡ ಸೊಂಟದವರೆಗೆ ಕೆಸರಲ್ಲಿ ನಿಂತು ಅದನ್ನೇ ಹುಡುಕುತ್ತಿದ್ದರು. ಸಿಗಲಿಲ್ಲ. ದಾನಿಗಳು ಕೊಟ್ಟ ಹೊಸ ಗೊಂಬೆ ಇವತ್ತಿಗೂ ಕವರಿನೊಳಗೇ ಇದೆ.

ಕಾರವಾರ್_ಕರ್
ಅದು ಮಗು. ಇಲ್ಲಿ ಕೇಳುತ್ತಿರುವವರು ದೊಡ್ಡವರು. ವ್ಯತ್ಯಾಸ ಇಲ್ವಾ?

ಮುಂಡಗೋಡ_ಮೇಷ್ಟ್ರು
ವ್ಯತ್ಯಾಸ ಇದೆ, ಆದರೆ ನೀವು ಅಂದುಕೊಂಡಷ್ಟು ಇಲ್ಲ. ಇದರ ಬಗ್ಗೆ ಸಾಕಷ್ಟು ಅಧ್ಯಯನ ಆಗಿದೆ.

ಬ್ರಿಟನ್ನಿನಲ್ಲಿ ಡೊನಾಲ್ಡ್ ವಿನಿಕಾಟ್ ಅಂತ ಮಕ್ಕಳ ವೈದ್ಯರಿದ್ದರು, ಮನೋವಿಶ್ಲೇಷಕರೂ ಹೌದು. ಈ ವಿಷಯದ ಮೇಲೆ 1951ರಲ್ಲಿ ಪ್ರಬಂಧ ಮಂಡಿಸಿದರು. ತಾಯಿ ಬೇರೆ, ತಾನು ಬೇರೆ ಅಂತ ಮಗುವಿಗೆ ಮೆಲ್ಲಗೆ ಗೊತ್ತಾಗುವ ಕಾಲ ಬರುತ್ತದಲ್ಲ, ಆಗ ನಡುವೆ ಹಿಡಿದುಕೊಳ್ಳೋಕೆ ಏನಾದರೂ ಬೇಕಾಗುತ್ತದೆ. ಕಂಬಳಿಯ ತುದಿ, ಬಟ್ಟೆ ತುಂಡು, ಗೊಂಬೆ, ಯಾವುದಾದರೂ ಸರಿ. ಆರಿಸೋದು ಮಗುವೇ. ಅದು ಕೊಳೆಯಾಗಿ ವಾಸನೆ ಬಂದರೂ ತಾಯಿ ಸುಮ್ಮನಿರುತ್ತಾಳೆ, ಯಾಕೆಂದರೆ ತೊಳೆದರೆ ಮಗುವಿನ ಮಟ್ಟಿಗೆ ಅದರ ಕೊಂಡಿ ತಪ್ಪುತ್ತದೆ ಅಂತಲೂ ಅವರು ಹೇಳಿದ್ದರು. ಹಾಗಾಗಿ ಕೂಸು ಅವರ ತೊಳೆಯದ ಕೌದಿಗೆ ಮೂಗು ಮುರಿಯುವವರು ಸ್ವಲ್ಪ ತಡೆಯಿರಿ.

ಇನ್ನೊಂದು ಪ್ರಯೋಗ ನನಗೆ ಬಹಳ ಇಷ್ಟ. ಬ್ರೂಸ್ ಹುಡ್ ಮತ್ತು ಪಾಲ್ ಬ್ಲೂಮ್ 2008ರಲ್ಲಿ ಪ್ರಕಟಿಸಿದ್ದು. ಪುಟ್ಟ ಮಕ್ಕಳಿಗೆ ಒಂದು ಯಂತ್ರ ತೋರಿಸಿ, "ಇದರೊಳಗೆ ಏನೇ ಇಟ್ಟರೂ ಥೇಟ್ ಅದರ ಹಾಗೇ ಇನ್ನೊಂದು ಆಗುತ್ತದೆ" ಅಂತ ನಂಬಿಸಿದರು. ಮಾಮೂಲಿ ಆಟಿಕೆ ಇಟ್ಟಾಗ ಮಕ್ಕಳು ಹೊಸದನ್ನು ತಗೊಳ್ಳೋಕೆ ಹಿಂದೆ ಮುಂದೆ ನೋಡಲಿಲ್ಲ. ದಿನಾ ಜೊತೆಗಿಟ್ಟು ಮಲಗುವ ಗೊಂಬೆಯ ಸರದಿ ಬಂದಾಗ ಕೆಲವರು ಯಂತ್ರದೊಳಗೆ ಇಡೋಕೇ ಬಿಡಲಿಲ್ಲ. ಬಿಟ್ಟವರಲ್ಲೂ ಹೆಚ್ಚಿನವರು ಹಳೇದನ್ನೇ ವಾಪಸ್ ಕೇಳಿದರು. ನೋಡೋಕೆ ಎರಡೂ ಒಂದೇ. ಆದರೂ ಬೇಡ. ಗಂಗಾವಳಿಯವರ ಮಗಳು ಹೊಸ ಗೊಂಬೆಯನ್ನು ಕವರಿನೊಳಗೇ ಇಟ್ಟಿರೋದು ಇದಕ್ಕೇ.

ತೋಟದ_ಹೆಗಡೆ
ಮೇಷ್ಟ್ರೇ, ಇದು ದೊರೆಗಳ ಮಕ್ಕಳ ಕತೆ. ಅಲ್ಲಿ ಹುಟ್ಟಿದ ಕೂಡಲೇ ಮಗುವನ್ನು ಬೇರೆ ಕೋಣೆಯಲ್ಲಿ ಮಲಗಿಸುತ್ತಾರೆ, ಅದಕ್ಕೆ ಗೊಂಬೆ ಬೇಕು. ನಾವೆಲ್ಲ ಅಜ್ಜಿಯ ಸೆರಗು ಹಿಡಿದುಕೊಂಡು ಸಾಲಾಗಿ ಮಲಗಿದವರು. ನಮಗೆ ಇದ್ಯಾವುದೂ ಬೇಕಿರಲಿಲ್ಲ.

ಮುಂಡಗೋಡ_ಮೇಷ್ಟ್ರು
ನೀವು ಸುಮ್ನೆ ಹೇಳಿದ್ದಾದರೂ ಅದರಲ್ಲಿ ಹುರುಳಿದೆ. ಇಟಲಿಯಲ್ಲಿ 1970ರಲ್ಲೇ ಹೋಲಿಸಿ ನೋಡಿದ್ದರು. ಹಳ್ಳಿಯ ಮಕ್ಕಳಲ್ಲಿ ಈ ಅಭ್ಯಾಸ ತೀರಾ ಕಡಿಮೆ, ರೋಮ್ ನಗರದ ಮಕ್ಕಳಲ್ಲಿ ಜಾಸ್ತಿ. ತಾಯಿಯ ಮೈಗೆ ತಾಗಿ ಮಲಗುವ ಮಗುವಿಗೆ ಬಟ್ಟೆಯ ಅಗತ್ಯ ಕಡಿಮೆ ಅನ್ನೋದು ಅವರ ವಿವರಣೆ. ಆದರೆ ಕಡಿಮೆ ಅಂದರೆ ಇಲ್ಲವೇ ಇಲ್ಲ ಅಂತಲ್ಲ. ನೀವು ಹಿಡಿದಿದ್ದ ಅಜ್ಜಿಯ ಸೆರಗೂ ಬಟ್ಟೆಯೇ ಅಲ್ವಾ?

ತೋಟದ_ಹೆಗಡೆ
ಸೆರಗಿನ ಒಳಗೆ ಅಜ್ಜಿ ಇದ್ದಳು ಮಾರಾಯ್ರೆ!

ಅಘನಾಶಿನಿ_ದಡ
ಹೆಗಡೇರು ಗೆದ್ದರು.

ಹೊನ್ನಾವರ_ಟು_ಬೆಂಗಳೂರು
ಎಲ್ಲ ಓದಿ ನನಗೆ ಹೊಟ್ಟೆಕಿಚ್ಚು. ಇಟ್ಟುಕೊಳ್ಳೋಕೆ ನನ್ನ ಹತ್ತಿರ ಏನೂ ಇಲ್ಲ. ನಮ್ಮ ಆಟದ ಸಾಮಾನೆಲ್ಲ ತೋಟದಲ್ಲೇ ಹುಟ್ಟಿ ತೋಟದಲ್ಲೇ ಸಾಯುತ್ತಿತ್ತು. ಅಡಿಕೆ ಹಾಳೆಯ ಮೇಲೆ ಒಬ್ಬ ಕೂರೋದು, ಇನ್ನೊಬ್ಬ ಎಳೆಯೋದು. ಸಂಜೆಯೊಳಗೆ ಹಾಳೆ ಹರಿಯುತ್ತಿತ್ತು, ಚಡ್ಡಿಯೂ ಹರಿಯುತ್ತಿತ್ತು. ಮರುದಿನ ಹೊಸ ಹಾಳೆ ಬಿದ್ದಿರುತ್ತಿತ್ತು, ಚಡ್ಡಿಗೆ ಮಾತ್ರ ಪೆಟ್ಟು. ಬ್ಯಾಟು ತೆಂಗಿನ ಮಡಲಿನ ಬುಡದ್ದು, ಒಣಗಿದರೆ ಒಲೆಗೆ.

ಒಂದೇ ಒಂದು ಇತ್ತು. ಯಕ್ಷಗಾನದ ಹುಚ್ಚಿನಲ್ಲಿ ರಟ್ಟು ಕತ್ತರಿಸಿ, ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಅಂಟಿಸಿ ಮಾಡಿದ ಕಿರೀಟ. ಇಡಗುಂಜಿ ಮೇಳದ ಆಟ ನೋಡಿ ಬಂದ ಮರುದಿನವೇ ಶುರು ಮಾಡಿದ್ದು. ಅದನ್ನು ಕಟ್ಟಿಕೊಂಡು ಹಟ್ಟಿಯಲ್ಲಿ ದನಗಳೆದುರು ಎಷ್ಟು ಸಲ ಕೌರವನಾಗಿದ್ದೇನೋ ಲೆಕ್ಕ ಇಲ್ಲ. ನಾನು ಕಾಲೇಜಿಗೆ ಹೋದಾಗ ಅಟ್ಟದಲ್ಲಿ ಒರಲೆ ಹಿಡಿದು ಪೂರ್ತಿ ಮಣ್ಣಾಯಿತು. ಕೂಸು ಅವರೇ, ಕೊಡಬೇಡಿ. ಇದ್ದದ್ದನ್ನು ಇಟ್ಟುಕೊಳ್ಳಿ.

ಜೋಯಿಡಾ_ಜೇನು
ನಮ್ಮ ಅಮ್ಮನ ಕತೆ ಹೇಳುತ್ತೇನೆ. ಅವರ ತವರು ಹಳೇ ಸೂಪಾ. ಗಣೇಶಗುಡಿಯಲ್ಲಿ ಕಾಳಿ ನದಿಗೆ ಅಣೆಕಟ್ಟು ಕಟ್ಟಿದರಲ್ಲ, ಊರಿಗೆ ಊರೇ ನೀರಿನಡಿ ಹೋಯಿತು. ನಮ್ಮವರನ್ನು ರಾಮನಗರದ ಪುನರ್ವಸತಿಗೆ ಸಾಗಿಸಿದರು. ಲಾರಿಯಲ್ಲಿ ಜಾಗ ಕಡಿಮೆ, ಬೇಕಾದ್ದು ಮಾತ್ರ ಹೇರಿ ಅಂದರಂತೆ. ಕಪಾಟು ಬಿಟ್ಟರು, ಬೀಸುವ ಕಲ್ಲು ಬಿಟ್ಟರು. ಅಮ್ಮ ಚೆನ್ನೆಮಣೆಯನ್ನು ಸೀರೆಯೊಳಗೆ ಸುತ್ತಿಕೊಂಡು ಲಾರಿ ಹತ್ತಿದರಂತೆ. ಅದೂ ಪೂರ್ತಿ ಮಣೆ ಅಲ್ಲ. ಒಂದು ಬದಿ ಸೀಳಿ ಎರಡು ಗುಳಿ ಹೋಗಿದ್ದವು. ಆಡೋಕೆ ಬರುವುದಿಲ್ಲ. ನಾವು ಸಣ್ಣವರಿದ್ದಾಗ ಹೋದ ಗುಳಿಗಳ ಬದಲು ನೆಲದಲ್ಲಿ ಸೀಮೆಸುಣ್ಣದ ಎರಡು ಸುತ್ತು ಬರೆದು ಆಡುತ್ತಿದ್ದೆವು!

ನೀರು ತೀರಾ ಇಳಿದ ವರ್ಷ ಹಳೇ ಊರಿನ ಗೋಡೆಗಳು ಮೇಲೆ ಕಾಣುತ್ತವೆ. ಜನ ನೋಡೋಕೆ ಹೋಗುತ್ತಾರೆ, ಫೋಟೊ ಹೊಡೆಯುತ್ತಾರೆ. ಅಮ್ಮ ಒಂದು ಸಲವೂ ಬರಲಿಲ್ಲ. ಆದರೆ ಆ ಮಣೆ ಯಾರಾದರೂ ಮುಟ್ಟಿದರೆ ಈಗಲೂ ಬೈಯುತ್ತಾರೆ.

ಒಗ್ಗರಣೆ
ಅಲ್ಲ, ಬೀಸುವ ಕಲ್ಲು ಬಿಟ್ಟು ಚೆನ್ನೆಮಣೆ ತಂದರು ಅಂದರೆ ನಿಮ್ಮ ಅಜ್ಜಿ ಬಾಯಿಗೆ ಬಂದ ಹಾಗೆ ಬೈದಿರಬೇಕಲ್ಲ?

ಜೋಯಿಡಾ_ಜೇನು
ಬೈದರಂತೆ, ರಾಮನಗರ ಮುಟ್ಟುವವರೆಗೂ.

ದಾದಿ_ಅಕ್ಕ
ಎಲ್ಲರೂ ಊರೆಲ್ಲ ಸುತ್ತಿದಿರಿ, ಮಗುವಿನ ವಿಷಯ ಮರೆತಿರಿ. ಹೆರಿಗೆ ವಾರ್ಡಿನಲ್ಲಿ ಬಹಳ ವರ್ಷ ಕೆಲಸ ಮಾಡಿದವಳಾಗಿ ಹೇಳುತ್ತೇನೆ. ಆ ಕೌದಿ ತೊಟ್ಟಿಲಿಗೆ ಬೇಡ.

ಮೊದಲನೆಯದು ಬೂಷ್ಟು. ಎಳೆ ಮಗುವಿನ ಮೂಗಿನ ಹತ್ತಿರ ಅದು ಇರಲೇಬಾರದು. ಮೇಲಿನ ಕಲೆ ಹೋದರೂ ಒಳಪದರದಲ್ಲಿ ಉಳಿದಿರುತ್ತದೆ.

ಎರಡನೆಯದು ಯಾರೂ ಯೋಚಿಸದ ವಿಷಯ. ಹರಿದ ಕೌದಿಯಿಂದ ದಾರ ಜೋತಾಡುತ್ತಿರುತ್ತದೆ. ಆ ಎಳೆ ಮಗುವಿನ ಕಾಲ್ಬೆರಳಿಗೋ ಕೈಬೆರಳಿಗೋ ಸುತ್ತಿಕೊಂಡರೆ ರಕ್ತ ಓಡಾಟ ನಿಲ್ಲುತ್ತದೆ, ಬೆರಳು ಕೆಂಪಗೆ ಊದಿಕೊಳ್ಳುತ್ತದೆ. ಮಗು ಕಿರುಚುತ್ತಲೇ ಇರುತ್ತದೆ, ಮನೆಯವರು ಹೊಟ್ಟೆನೋವು ಅಂದುಕೊಂಡು ಗ್ರೈಪ್ ವಾಟರ್ ಹಾಕುತ್ತಾರೆ. ಮಗು ಸುಮ್ಮನಾಗದಿದ್ದರೆ ಬೆರಳುಗಳನ್ನೂ ಒಂದು ಸಲ ನೋಡಿ ಅಂತ ನಾನು ಎಲ್ಲ ಬಾಣಂತಿಯರಿಗೂ ಹೇಳುತ್ತೇನೆ.

ಮೂರನೆಯದು, ಮೊದಲ ಒಂದು ವರ್ಷ ಮಲಗಿದ ಮಗುವಿನ ಹತ್ತಿರ ದಪ್ಪನೆಯ ಸಡಿಲ ಹೊದಿಕೆ ಬೇಡ. ಮುಖದ ಮೇಲೆ ಬಂದರೆ ಸರಿಸಿಕೊಳ್ಳೋಕೆ ಮಗುವಿಗೆ ಬರುವುದಿಲ್ಲ.

ಅಘನಾಶಿನಿ_ದಡ
ಆಯ್ತಲ್ಲ! ಕೂಸು ಅವರೇ, ಆಯಿಗೆ ಇದನ್ನೇ ಹೇಳಿ. "ನರ್ಸ್ ಬೇಡ ಅಂದರು." ಮುಗೀತು. ಯಾರಿಗೂ ಬೇಜಾರಿಲ್ಲ.

ಗಂಗಾವಳಿ
ನನಗೆ ಇದು ಸರಿ ಕಾಣುವುದಿಲ್ಲ. ದಾದಿ ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ, ತೊಟ್ಟಿಲಿಗೆ ಬೇಡವೇ ಬೇಡ. ಆದರೆ ಆಯಿ ಏನನ್ನುತ್ತಾರೆ? "ಹಾಗಾದರೆ ಮಾಣಿಗೆ ಒಂದು ವರ್ಷ ತುಂಬಿದ ಮೇಲೆ ಕೊಡು" ಅನ್ನುತ್ತಾರೆ. ಆಗ ಇನ್ನೊಂದು ನೆವ ಹುಡುಕಬೇಕು. ಕೂಸು ಅವರಿಗೆ ಕೊಡೋಕೆ ಮನಸ್ಸಿಲ್ಲ. ಅದನ್ನೇ ಬಾಯಿ ಬಿಟ್ಟು ಹೇಳಬೇಕು. "ಆಯಿ, ಅದು ನನ್ನದು, ನನಗೆ ಬೇಕು." ನಲವತ್ತರ ಹತ್ತಿರ ಬಂದವರು ಹರಕು ಬಟ್ಟೆ ಬೇಕು ಅಂದರೆ ನಗುತ್ತಾರೆ ಅನ್ನೋ ಭಯಕ್ಕೆ ಬೂಷ್ಟಿನ ಹಿಂದೆ ಅಡಗೋದು ಯಾಕೆ?

ಕಾರವಾರ್_ಕರ್
ಇದನ್ನು ಮಾತ್ರ ಒಪ್ಪುತ್ತೇನೆ. ಇಟ್ಟುಕೊಳ್ಳೋದಾದರೆ ನೇರವಾಗಿ ಹೇಳಿ ಇಟ್ಟುಕೊಳ್ಳಿ. ಸುತ್ತಿ ಬಳಸಿ ಮಾತಾಡಿದರೆ ಮನೆಯಲ್ಲಿ ಬೇರೆಯೇ ಅರ್ಥ ಮಾಡಿಕೊಳ್ಳುತ್ತಾರೆ. ಅತ್ತಿಗೆ ನಾದಿನಿ ವಿಷಯ ಬೇರೆ.

ತೋಟದ_ಹೆಗಡೆ
ತಾಯಿಗೆ ಹಾಗೆ ಮುಖಕ್ಕೆ ಹೊಡೆದಂತೆ ಹೇಳೋದಾ? ನಮ್ಮ ಕಡೆ ಹಾಗೆಲ್ಲ ಹೇಳುವ ಪದ್ಧತಿ ಇಲ್ಲ. "ನೋಡ್ವ" ಅಂದು ಬಿಟ್ಟರೆ ಅದೇ ಉತ್ತರ. ಅವರಿಗೂ ಅರ್ಥ ಆಗುತ್ತದೆ.

ಗಂಗಾವಳಿ
ಅರ್ಥ ಆಗಿದ್ದರೆ ಇಷ್ಟು ಉದ್ದದ ಚರ್ಚೆ ಯಾಕೆ ಬೇಕಿತ್ತು ಹೆಗಡೇರೇ?

ಹಳೇ_ಪೆಟ್ಟಿಗೆ
ಹೇಳಿದ ಹಾಗೆ ಬರೆಯುತ್ತಿದ್ದೇನೆ. ಕೊಡೋದು ಬಿಡೋದು ನಿಮಗೆ ಬಿಟ್ಟದ್ದು, ಕೌದಿ ಮಾತ್ರ ಉಳಿಯಲಿ.

ಜುಲೈನಲ್ಲಿ ಕುಮಟೆಯ ಗಾಳಿಯಲ್ಲಿ ತೇವ ನೂರಕ್ಕೆ 85ರಿಂದ 90ರವರೆಗೆ ಇರುತ್ತದೆ. 65, 70 ದಾಟಿದರೆ ಸಾಕು, ಹತ್ತಿಯ ಮೇಲೆ ಬೂಷ್ಟು ಬೆಳೆಯುತ್ತದೆ. ಅಂದರೆ ಈಗ ತೊಳೆದರೆ ಒಣಗುವುದಿಲ್ಲ, ಒಣಗದಿದ್ದರೆ ಇನ್ನೂ ಜಾಸ್ತಿ ಆಗುತ್ತದೆ. ಹಾಗಾಗಿ ಮಳೆಗಾಲದಲ್ಲಿ ತೊಳೆಯಲೇಬೇಡಿ. ಗಾಳಿಯಾಡುವ ಒಣ ಕೋಣೆಯಲ್ಲಿ, ಫ್ಯಾನಿನ ಕೆಳಗೆ, ಹರವಿ ಇಡಿ. ದೀಪಾವಳಿ ಕಳೆದ ಮೇಲೆ, ಒಣ ಹವೆ ಬಂದಾಗ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊರಗೆ ತಂದು ಮೆತ್ತನೆಯ ಬ್ರಷ್ಷಿನಿಂದ ಒಣ ಬೂಷ್ಟನ್ನು ಹಗುರವಾಗಿ ತೆಗೆಯಿರಿ. ಆಮೇಲೆ ನೀರು.

ತೊಳೆಯುವಾಗ ಹಳೇ ಸೊಳ್ಳೆಪರದೆಯ ಎರಡು ತುಂಡುಗಳ ನಡುವೆ ಕೌದಿ ಇಟ್ಟು ಸುತ್ತ ದೊಡ್ಡ ದೊಡ್ಡ ಹೊಲಿಗೆ ಹಾಕಿ. ಅಗಲ ತಟ್ಟೆಯಲ್ಲಿ ತಣ್ಣೀರು ಹಾಕಿ ಮುಳುಗಿಸಿ. ಉಜ್ಜಬೇಡಿ, ಹಿಂಡಬೇಡಿ, ಕಲ್ಲಿಗೆ ಬಡಿಯೋದು ಅಂತೂ ದೂರದ ಮಾತು. ಪರದೆ ಸಮೇತ ಎತ್ತಿ ಚಾಪೆಯ ಮೇಲೆ ನೆರಳಿನಲ್ಲಿ ಒಣಗಿಸಿ. ತಂತಿಗೆ ಜೋತು ಹಾಕಿದರೆ ನೀರಿನ ಭಾರಕ್ಕೇ ಸೀಳುತ್ತದೆ. ಬ್ಲೀಚಿಂಗ್ ಪುಡಿ ಬೇಡ. ಕಲೆ ಹೋಗದಿದ್ದರೆ ಇರಲಿ ಬಿಡಿ.

ಇಡುವಾಗ ಗಂಜಿ ಹಾಕಬೇಡಿ, ಗಂಜಿಗೇ ಹುಳ ಬರೋದು. ಒಗೆದ ಬಿಳಿ ಪಂಚೆಯಲ್ಲಿ ಸುತ್ತಿಡಿ. ನುಸಿಗುಳಿಗೆ ಬಟ್ಟೆಗೆ ತಾಗಬಾರದು.

ತೋಟದ_ಹೆಗಡೆ
ಅಂಟುವಾಳದ ವಿಷಯ ಬಿಟ್ಟಿರಲ್ಲ. ಅದಕ್ಕಿಂತ ಮೆದು ಯಾವುದಿದೆ?

ಹಳೇ_ಪೆಟ್ಟಿಗೆ
ಮೆದು ಹೌದು. ಆದರೆ ಅದರ ಸಾರಿಗೇ ಒಂದು ಬಣ್ಣ ಇರುತ್ತದೆ, ತಿಳಿ ಬಟ್ಟೆಯಲ್ಲಿ ಉಳಿಯಬಹುದು. ಅದಕ್ಕಿಂತ ದೊಡ್ಡ ಚಿಂತೆ ನೀರಿನದು. ಜಂಬಿಟ್ಟಿಗೆ ನೆಲದ ಎಷ್ಟೋ ಬಾವಿಗಳಲ್ಲಿ ಕಬ್ಬಿಣದಂಶ ಇರುತ್ತದೆ, ಬಿಳಿ ಬಟ್ಟೆ ಕಂದಾಗೋದು ನೀವೂ ನೋಡಿರುತ್ತೀರಿ. ಮಳೆನೀರು ಒಳ್ಳೇದು.

ತೋಟದ_ಹೆಗಡೆ
ಮಳೆಗಾಲದಲ್ಲಿ ತೊಳೀಬೇಡಿ, ಆದರೆ ಮಳೆನೀರಲ್ಲಿ ತೊಳೀರಿ! ಸರಿಯಾಗಿದೆ.

ಹಳೇ_ಪೆಟ್ಟಿಗೆ
ಈಗ ಹಿಡಿದು ಸೋಸಿ ಮುಚ್ಚಿಡಬೇಕು, ಆಮೇಲೆ ಬಳಸಬೇಕು ಹೆಗಡೇರೇ. ಉಪ್ಪಿನಕಾಯಿ ಕೂಡ ಹಾಕಿದ ದಿನವೇ ತಿನ್ನುವುದಿಲ್ಲವಲ್ಲ.

ಸೂಜಿ_ದಾರ
ಯಲ್ಲಾಪುರದಿಂದ ಬರೆಯುತ್ತಿದ್ದೇನೆ. ಕೌದಿ ಹೊಲಿಯುವ ಸಿದ್ದಿ ಹೆಂಗಸರ ಜೊತೆ ನನ್ನ ಓಡಾಟ ಜಾಸ್ತಿ, ಹಾಗಾಗಿ ಒಂದೆರಡು ಮಾತು.

ಕೌದಿ "ಹಾಳಾಗೋದು" ಅನ್ನೋ ಮಾತು ಹೊಲಿಯುವವರ ಬಾಯಲ್ಲಿ ನಾನು ಕೇಳಿಲ್ಲ. ತೆಳ್ಳಗಾಯಿತಾ, ಮೇಲೆ ಇನ್ನೊಂದು ತುಂಡು ಇಡು. ಪೂರ್ತಿ ಹೋಯಿತಾ, ಹೊಸದರ ಒಳಪದರ ಮಾಡು. ಅಡಿಗೆ ಒಂದು ಹಳೇ ಸೀರೆ ಹಾಸುತ್ತಾರೆ. ಅದರ ಮೇಲೆ ಅಂಗಿ, ಲುಂಗಿ, ಲಂಗ, ಸಿಕ್ಕಿದ್ದರ ತುಂಡು. ಹೊಲಿಗೆ ಅಂಚಿನಿಂದ ಶುರುವಾಗುತ್ತದೆ. ಸುತ್ತು ಹಾಕುತ್ತಾ ಹಾಕುತ್ತಾ ನಡುವಿಗೆ ಬಂದು ಮುಗಿಯುತ್ತದೆ. ನಾಲ್ಕು ಮೂಲೆಯಲ್ಲಿ ಮಡಿಸಿದ ಸಣ್ಣ ಬಟ್ಟೆಯ ಹೂವು ಇಡುತ್ತಾರೆ. ಆ ಹೂವು ಇಲ್ಲದಿದ್ದರೆ ಕೌದಿ ಪೂರ್ತಿಯಾದ ಹಾಗಲ್ಲ. ಆಫ್ರಿಕಾ ಮೂಲದ ಇವರ ಕೈಕೆಲಸ ನೋಡೋಕೆ ಈಗ ಹೊರದೇಶಗಳಿಂದಲೂ ಜನ ಬರುತ್ತಾರೆ. ಕಾರವಾರದವರು ಬಡತನದ ವಸ್ತು ಅಂದರು. ಹೌದು, ಇದ್ದ ಬಟ್ಟೆಯಲ್ಲೇ ಮಾಡಿದ್ದು. ಆದರೆ ಯಾವ ಕೆಂಪಿನ ಪಕ್ಕ ಯಾವ ಹಳದಿ ಬರಬೇಕು ಅಂತ ಅರ್ಧ ದಿನ ಜಗಳಾಡೋದನ್ನು ನಾನು ಕಣ್ಣಾರೆ ನೋಡಿದ್ದೇನೆ. ಬರೀ ಚಳಿಗೆ ಆಗಿದ್ದರೆ ಆ ಜಗಳ ಯಾಕೆ?

ಕೂಸು ಅವರೇ, ಮಧ್ಯೆ ತೂತು ಇದೆ ಅಂದಿರಲ್ಲ. ಒಳಪದರ ಏನು ಕಾಣುತ್ತದೆ ನೋಡಿ ಹೇಳಿ. ಅದನ್ನು ನೋಡಿದರೆ ದುರಸ್ತಿ ಸಾಧ್ಯವಾ ಅಂತ ಗೊತ್ತಾಗುತ್ತದೆ.

ಹೊನ್ನಾವರ_ಟು_ಬೆಂಗಳೂರು
ಅಮ್ಮಮ್ಮನ ಮದುವೆ ಸೀರೆ ಇರುತ್ತದೆ ನೋಡಿ! ಪಣ ಕಟ್ಟುತ್ತೇನೆ. ನನಗೆ ಈಗಲೇ ಕಣ್ಣು ಒದ್ದೆ.

ಅಘನಾಶಿನಿ_ದಡ
ಇವರು ಧಾರಾವಾಹಿ ಜಾಸ್ತಿ ನೋಡುತ್ತಾರೆ.

ಶಿರಸಿ_ಕೂಸು
ಎಲ್ಲ ಉತ್ತರ ಓದಿದೆ. ಅಡುಗೆ ಮಾಡುತ್ತಾ ಓದಿ ಒಂದು ಸಲ ಸಾರು ಉಕ್ಕಿಸಿದೆ.

ಮೊದಲು ಒಳಪದರದ ವಿಷಯ. ಬೆಳಕಿಗೆ ಹಿಡಿದು ತೂತಿನೊಳಗೆ ನೋಡಿದೆ. ಮದುವೆ ಸೀರೆ ಅಲ್ಲ. ಮೈದಾ ಚೀಲ! ಬಿಳಿ ಹತ್ತಿ ಚೀಲ, ಅದರ ಮೇಲೆ ನೀಲಿ ಬಣ್ಣದಲ್ಲಿ ಅರ್ಧ ಅಳಿಸಿದ ಅಕ್ಷರ. "ನಿವ್ವಳ ತೂಕ" ಅನ್ನೋದು ಮಾತ್ರ ಸ್ಪಷ್ಟ ಇದೆ. ಅದರ ಕೆಳಗೆ ಖಾಕಿ ಬಟ್ಟೆ, ಅಪ್ಪನ ಹಳೇ ಚಡ್ಡಿ ಇರಬೇಕು. ಇಷ್ಟು ವರ್ಷ ನಾನು ಮೂಗಿಗೆ ಒತ್ತಿಕೊಂಡು ಮಲಗಿದ್ದು ಇದನ್ನು. ಗಂಡ ನಕ್ಕೂ ನಕ್ಕೂ ಮಂಚದಿಂದ ಬೀಳುವುದೊಂದು ಬಾಕಿ.

ಹೊನ್ನಾವರ_ಟು_ಬೆಂಗಳೂರು
ಪಣ ರದ್ದು.

ಒಗ್ಗರಣೆ
ನಿವ್ವಳ ತೂಕ ಎಷ್ಟಂತೆ?

ಸೂಜಿ_ದಾರ
ನಗಬೇಡಿ, ಆ ಕಾಲದ ಹತ್ತಿ ಚೀಲಕ್ಕೆ ಒಳ್ಳೆ ಬೇಡಿಕೆ ಇತ್ತು. ಗಟ್ಟಿ ನೇಯ್ಗೆ. ಒಗೆದು ಒಗೆದು ಮೆತ್ತಗೆ ಮಾಡಿ ಒಳಪದರಕ್ಕೆ ಹಾಕುತ್ತಿದ್ದರು. ನಿಮ್ಮ ಕೌದಿ ಇಷ್ಟು ವರ್ಷ ಬಂದಿದ್ದು ಬಹುಶಃ ಆ ಚೀಲದಿಂದಲೇ. ಅದು ಗಟ್ಟಿ ಇದ್ದರೆ ದುರಸ್ತಿ ಮಾಡಬಹುದು. ತೂತಿನ ಅಡಿಗೆ ಹಳೇ ಮೆತ್ತನೆಯ ಹತ್ತಿ ಬಟ್ಟೆ ಕೊಟ್ಟು, ಸುತ್ತ ಸಡಿಲ ಹೊಲಿಗೆ ಹಾಕಿದರೆ ಸಾಕು. ಹೊಸ ಗಟ್ಟಿ ಬಟ್ಟೆ ಹಾಕಿದರೆ ಅದು ಹಳೇದನ್ನು ಎಳೆದು ಪಕ್ಕದಲ್ಲಿ ಹರಿಯುತ್ತದೆ.

ಕಾರವಾರ್_ಕರ್
ತೇಪೆ ಹಾಕುತ್ತಾ ಹೋದರೆ ಕೊನೆಗೆ ಹಳೇದು ಎಷ್ಟು ಉಳಿಯುತ್ತದೆ? ಆಗಲೂ ಅದೇ ಕೌದಿನಾ?

ಮುಂಡಗೋಡ_ಮೇಷ್ಟ್ರು
ಬಹಳ ಹಳೇ ಪ್ರಶ್ನೆ. ಶಿರಸಿ ಮಾರಿಕಾಂಬೆಯ ಮೂರ್ತಿ ಮರದ್ದು, ಜಾತ್ರೆ ಬಂದಾಗ ಬಣ್ಣ ಬಳಿಯುತ್ತಾರೆ. ಬಣ್ಣ ಹೊಸದು ಅಂತ ಯಾರಾದರೂ ಕೈ ಮುಗಿಯದೆ ಬಂದಿದ್ದಾರಾ?

ತೋಟದ_ಹೆಗಡೆ
ಮೇಷ್ಟ್ರೇ, ದೇವರನ್ನೂ ಮೈದಾ ಚೀಲವನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಅಘನಾಶಿನಿ_ದಡ
ಜಾತ್ರೆ ಅಂದಾಗ ನೆನಪಾಯಿತು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಅಲ್ಲಿ ಸಿಗುತ್ತಿದ್ದ ತಗಡಿನ ದೋಣಿ ಯಾರಿಗಾದರೂ ನೆನಪಿದೆಯಾ? ಒಳಗೆ ಎಣ್ಣೆ ಬತ್ತಿ ಹಚ್ಚಿದರೆ ಪುಟಪುಟ ಅಂತ ಬಾನಿಯ ನೀರಲ್ಲಿ ಸುತ್ತುತ್ತಿತ್ತು. ನನ್ನದು ತುಕ್ಕು ಹಿಡಿದು ತಳ ಹೋಗಿದೆ, ಆದರೂ ಇದೆ. ಮಗನಿಗೆ ತೋರಿಸಿದರೆ "ರಿಮೋಟ್ ಎಲ್ಲಿ" ಅಂದ.

ದಾದಿ_ಅಕ್ಕ
ಬತ್ತಿ ಹಚ್ಚುವ ದೋಣಿಯನ್ನು ಮಕ್ಕಳ ಕೈಗೆ ಕೊಡಬೇಡಿ.

ಅಘನಾಶಿನಿ_ದಡ
ತಳವೇ ಇಲ್ಲ ಅಕ್ಕಾ, ಬತ್ತಿ ಎಲ್ಲಿಡೋದು!

ಗಂಗಾವಳಿ
ಕೂಸು ಅವರೇ, ಆಯಿಗೆ ಏನು ಹೇಳಿದಿರಿ? ಅದನ್ನು ಹೇಳದೆ ತಪ್ಪಿಸಿಕೊಂಡಿರಿ.

ಶಿರಸಿ_ಕೂಸು
ಹೇಳಿದೆ. ದಾದಿ ಅಕ್ಕ ಬರೆದಿದ್ದನ್ನು ಮೊದಲು ಓದಿ ಹೇಳಿದೆ, ಯಾಕೆಂದರೆ ಅದು ತಮ್ಮನ ಹೆಂಡತಿಗೂ ಗೊತ್ತಾಗಬೇಕಿತ್ತು. ಆಮೇಲೆ ಗಂಗಾವಳಿಯವರು ಹೇಳಿದ ಹಾಗೆ, "ಬೂಷ್ಟು ಇಲ್ಲದಿದ್ದರೂ ನಾನು ಕೊಡುತ್ತಿರಲಿಲ್ಲ ಆಯಿ, ಅದು ನನಗೆ ಬೇಕು" ಅಂದೆ.

ಆಯಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅದಕ್ಕೇನಂತೆ, ಇಟ್ಟುಕೋ. ಮಾಣಿಯ ಮೈಮೇಲೆ ನನ್ನ ಆಯಿ ಹೊಲಿದದ್ದು ಒಂದಿರಲಿ ಅಂತಿತ್ತು ಅಷ್ಟೆ. ಅವಳ ಕೈಯದ್ದು ಬೇರೆ ಯಾವುದೂ ನನ್ನ ಹತ್ತಿರ ಉಳಿದಿಲ್ಲ" ಅಂದರು. ನಾನು ಇಷ್ಟು ದಿನ ಮಗುವಿಗೆ ಹಳೇ ಬಟ್ಟೆ ಬೇಕು ಅಂತ ಕೇಳುತ್ತಿದ್ದಾರೆ ಅಂದುಕೊಂಡಿದ್ದೆ. ಅವರಿಗೆ ಬೇಕಾಗಿದ್ದದ್ದು ಬೇರೆ.

ಕೌದಿ ಆದರೂ ನನ್ನ ಹತ್ತಿರವೇ ಇರುತ್ತದೆ. ಆ ವಿಷಯದಲ್ಲಿ ಮನಸ್ಸು ಬದಲಾಗಿಲ್ಲ. ಆದರೆ ಪೆಟ್ಟಿಗೆಯಲ್ಲಿ ಅಮ್ಮಮ್ಮ ಉಡುತ್ತಿದ್ದ ಎರಡು ಸೀರೆ ಇವೆಯಂತೆ. ಅವುಗಳಿಂದ ಹೊಸ ಕೌದಿ ಮಾಡಿಸೋಣ ಅಂದೆ. ಮಾಣಿಗೆ ಒಂದು ವರ್ಷ ತುಂಬುವ ಹೊತ್ತಿಗೆ ಆದರೆ ಸಾಕು. ಆಯಿ "ಹ್ಞೂಂ" ಅಂದರು, ಆಮೇಲೆ "ಆ ಸೀರೆ ಕತ್ತರಿಸಬೇಕಾ?" ಅಂದರು. ಈಗ ಅದು ಹೊಸ ತಲೆಬಿಸಿ.

ಒಗ್ಗರಣೆ
ಮುಂದಿನ ಚರ್ಚೆ ಆಯಿ ಶುರು ಮಾಡುತ್ತಾರೆ.

ತೋಟದ_ಹೆಗಡೆ
ಹೇಳಿದೆನಲ್ಲ, ಅವರಿಗೆ ಅರ್ಥ ಆಗುತ್ತದೆ ಅಂತ.

ಗಂಗಾವಳಿ
ಬಾಯಿ ಬಿಟ್ಟು ಹೇಳಿದ ಮೇಲೆ ಅರ್ಥ ಆಯಿತು ಹೆಗಡೇರೇ.

ಕಾರವಾರ್_ಕರ್
ಕತ್ತರಿಸದೆ ಕೌದಿ ಹೇಗೆ ಮಾಡುತ್ತಾರೆ? ನನ್ನ ಅಜ್ಜಿ ಅಂತೂ ಕತ್ತರಿ ಇಲ್ಲದೆ ಪರ್ ಪರ್ ಅಂತ ಹರಿದೇ ಹಾಕುತ್ತಿದ್ದರು. (ಹೌದು, ಅವರು ಹೊಲಿಯೋದು ನನಗೆ ನೆನಪಿದೆ. ಯಾರೂ ಏನೂ ಬರೀಬೇಡಿ.)

ಸೂಜಿ_ದಾರ
ಪೂರ್ತಿ ಕತ್ತರಿಸಬೇಕು ಅಂತಿಲ್ಲ. ಒಂದು ಸೀರೆಯನ್ನು ಹಾಗೇ ಮಡಿಸಿ ಅಡಿಗೆ ಹಾಸಬಹುದು. ಇನ್ನೊಂದರ ಸೆರಗು ಮಾತ್ರ ಕತ್ತರಿಸಿ ಮೇಲೆ ಹಾಕಿದರಾಯಿತು. ಆಯಿಗೆ ಅದನ್ನು ಹೇಳಿ ನೋಡಿ.

ಕಳಿಸುವ ಮೊದಲು ಎರಡನ್ನೂ ಎರಡು ಸಲ ಒಗೆದು ಒಣಗಿಸಿ, ಬಣ್ಣ ಬಿಡುತ್ತದಾ ನೋಡಿ. ಜರಿ ಅಂಚಿದ್ದರೆ ಬಿಡಿಸಿ ನೀವೇ ಇಟ್ಟುಕೊಳ್ಳಿ, ಮಗುವಿಗೆ ಚುಚ್ಚುತ್ತದೆ. ನೈಲಾನ್, ಪಾಲಿಯೆಸ್ಟರ್ ಆಗಿದ್ದರೆ ಮೊದಲೇ ಹೇಳಿ, ಹೊಲಿಯುವವರು ಬೈಯುತ್ತಾರೆ, ಸೂಜಿ ಜಾರುತ್ತದೆ. ಒಳಪದರಕ್ಕೆ ಮನೆಯಲ್ಲಿ ಹಳೇ ಹತ್ತಿ ಬಟ್ಟೆ ಏನಿದ್ದರೂ ಹಾಕಿ ಕಳಿಸಿ. ಅಪ್ಪನ ಚಡ್ಡಿಯೂ ನಡೆಯುತ್ತದೆ.